ಈ ಬೋರ್ಡ್‌ಗೆ ಈ ರ‍್ಯಾಮ್ ಕೂರುತ್ತಾ? ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಿ

ಪ್ರಶ್ನೆ: ಮಗಳು ಆರ್ಕಿಟೆಕ್ಚರ್ ಸೇರಿದ್ದಾಳೆ. ಆಟೋಕ್ಯಾಡ್, ಸ್ಕೆಚ್‌ಅಪ್ ಎಲ್ಲಾ ಓಡಬೇಕಂತೆ. ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಕೊಟೇಷನ್ ತೆಗೆದುಕೊಂಡು ಬಂದಿದ್ದೇನೆ. ಇಂಟೆಲ್ ಐ5-12400ಎಫ್ ಪ್ರೊಸೆಸರ್, ಗಿಗಾಬೈಟ್ ಬಿ760ಎಂ ಡಿಎಸ್3ಎಚ್ ಡಿಡಿಆರ್4 ಮದರ್‌ಬೋರ್ಡ್, 16 ಜಿಬಿ ಡಿಡಿಆರ್5 5600 ರ‍್ಯಾಮ್ ಒಂದು, ಜೊತೆಗೆ ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ ಇತ್ಯಾದಿ. ಮನೆಯಲ್ಲಿ ಐ3-9100 ಇರುವ ಹಳೇ ಕಂಪ್ಯೂಟರ್ ಇದೆ. ಅದರ 8 ಜಿಬಿ ರ‍್ಯಾಮ್ ಮೇಲೆ ಡಿಡಿಆರ್4 2666 ಎಂದು ಬರೆದಿದೆ. ಅದನ್ನೂ ಇದಕ್ಕೆ ಸೇರಿಸಬಹುದಾ? ಅಂಗಡಿಯವರನ್ನು ಕೇಳಿದರೆ "ಎಲ್ಲಾ ಕೂರುತ್ತೆ ಸಾರ್, ಟೆನ್ಷನ್ ತಗೋಬೇಡಿ" ಅಂತಾರೆ. ರ‍್ಯಾಮ್ ಮತ್ತು ಬೋರ್ಡ್ ಹೊಂದುತ್ತವೋ ಇಲ್ಲವೋ ಅಂತ ಕೊಳ್ಳುವ ಮೊದಲೇ ನಾವೇ ತಿಳಿಯೋದು ಹೇಗೆ?
ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಟೆನ್ಷನ್ ಸ್ವಲ್ಪ ತಗೊಳ್ಳಿ. ಎಲ್ಲಾ ಕೂರುವುದಿಲ್ಲ. ಆ ಚೀಟಿಯಲ್ಲಿರುವ ಬೋರ್ಡ್‌ಗೆ ಅದೇ ಚೀಟಿಯಲ್ಲಿರುವ ರ‍್ಯಾಮ್ ಹೋಗುವುದೇ ಇಲ್ಲ. ಬೋರ್ಡ್‌ನ ಹೆಸರಿನ ಕೊನೆಯಲ್ಲಿ ಡಿಡಿಆರ್4 ಎಂದಿದೆ, ಅಂದರೆ ಆ ಪೀಳಿಗೆಯ ರ‍್ಯಾಮ್ ಮಾತ್ರ. ಅದರ ಕೆಳಗಿನ ಸಾಲಿನಲ್ಲಿ ಮುಂದಿನ ಪೀಳಿಗೆಯ ಡಿಡಿಆರ್5 ರ‍್ಯಾಮ್ ಬರೆದಿದ್ದಾರೆ.

ಅಂಗಡಿಯವರು ಮೋಸ ಮಾಡಲು ಹೊರಟಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಶನಿವಾರ ಮಧ್ಯಾಹ್ನ ಎಸ್.ಪಿ. ರೋಡಿಗೆ ಹೋಗಿ ನಿಂತವರಿಗೆ ಗೊತ್ತು. ಕೌಂಟರಿನ ಮುಂದೆ ಎಂಟು ಜನ, ಒಂದು ಕಿವಿಗೆ ಫೋನ್, ಹಿಂದಿನಿಂದ ಗೋಡೌನ್ ಹುಡುಗ ಕೂಗುತ್ತಿರುತ್ತಾನೆ. ಯಾರಿಗೋ ಮಾಡಿದ ಹಳೇ ಕೊಟೇಷನ್ ತೆಗೆದು ಬೋರ್ಡ್ ಬದಲಿಸಿ, ರ‍್ಯಾಮ್ ಸಾಲು ಬದಲಿಸೋದು ಮರೆತಿರುತ್ತಾರೆ. ತಪ್ಪು ಅಷ್ಟೇ ಚಿಕ್ಕದು. ಆದರೆ ಅದು ಗೊತ್ತಾಗುವುದು ಮನೆಗೆ ಬಂದು ಪ್ಯಾಕ್ ಒಡೆದ ಮೇಲೆ. ಒಡೆದ ಪ್ಯಾಕ್ ಹಿಡಿದುಕೊಂಡು ಮತ್ತೆ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು, ಆ ಜನದ ಮಧ್ಯೆ ನಡೆದು, ವಾಪಸ್ ತಗೊಳ್ಳಿ ಎಂದು ಕೇಳುವುದು ಯಾರಿಗೆ ಬೇಕು? ಅದೂ ಅಲ್ಲದೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ, ನಮ್ಮ ಪಾಲಿಗೆ ಉಳಿದಿದ್ದು ದುಬಾರಿ. ಮೊದಲಾದರೆ ತಪ್ಪು ರ‍್ಯಾಮ್ ತಂದರೆ ಸುಮ್ನೆ ಡ್ರಾಯರಿಗೆ ಹಾಕಿ ಇನ್ನೊಂದು ತರುತ್ತಿದ್ದೆವು. ಈಗ ಹಾಗಾಗಲ್ಲ.

ನೀವು ಕೊಟೇಷನ್ನಿನಲ್ಲಿ ಬೋರ್ಡ್‌ನ ಪೂರ್ತಿ ಹೆಸರು ಬರೆಸಿಕೊಂಡಿದ್ದೀರಿ, ಅದೇ ನಿಮ್ಮನ್ನು ಉಳಿಸಿತು. ಮುಕ್ಕಾಲು ಪಾಲು ಜನ "ಬಿ760 ಬೋರ್ಡ್" ಎಂದಷ್ಟೇ ಬರೆಸಿಕೊಂಡು ಬರುತ್ತಾರೆ. ಬಿ760 ಎನ್ನುವುದು ಬೋರ್ಡ್ ಮೇಲಿನ ಮುಖ್ಯ ನಿಯಂತ್ರಣ ಚಿಪ್ಪಿನ, ಅಂದರೆ ಚಿಪ್‌ಸೆಟ್ಟಿನ ಹೆಸರು, ಬೋರ್ಡ್‌ನದಲ್ಲ. ಇಂಟೆಲ್‌ನ 12, 13, 14ನೇ ಪೀಳಿಗೆಯ ಪ್ರೊಸೆಸರ್‌ಗಳು ಡಿಡಿಆರ್4, ಡಿಡಿಆರ್5 ಎರಡನ್ನೂ ಬಲ್ಲವು. ಯಾವುದು ಹಾಕಬೇಕು ಎಂದು ತೀರ್ಮಾನಿಸುವುದು ಬೋರ್ಡ್ ತಯಾರಿಸಿದವರು. ಹಾಗಾಗಿ ಒಂದೇ ಹೆಸರಿನಲ್ಲಿ ಎರಡು ಬೋರ್ಡ್ ಮಾರುಕಟ್ಟೆಯಲ್ಲಿವೆ. ಗಿಗಾಬೈಟ್‌ನಲ್ಲಿ "ಬಿ760ಎಂ ಡಿಎಸ್3ಎಚ್ ಡಿಡಿಆರ್4" ಎಂದಿದ್ದರೆ ಡಿಡಿಆರ್4, ಬರೀ "ಬಿ760ಎಂ ಡಿಎಸ್3ಎಚ್" ಎಂದಿದ್ದರೆ ಡಿಡಿಆರ್5. ಏಸಸ್‌ನವರು ಹೆಸರಿನ ಕೊನೆಗೆ ಡಿ4 ಎಂದು ಸೇರಿಸುತ್ತಾರೆ. ಎಂಎಸ್‌ಐನವರು ಡಿಡಿಆರ್4 ಎಂದೇ ಪೂರ್ತಿ ಬರೆಯುತ್ತಾರೆ. ಫೋನಿನಲ್ಲಿ ಹೇಳುವಾಗ ಬಿಟ್ಟುಹೋಗುವುದು ಈ ಬಾಲವೇ. ಎಲ್ಲಾ ಇರುವುದೂ ಬಾಲದಲ್ಲೇ.

ಬಲವಂತವಾಗಿ ಒತ್ತಿದರೆ ಕೂರಲ್ವಾ ಎಂದು ಕೆಲವರು ಕೇಳುತ್ತಾರೆ. ಕೂರಲ್ಲ, ದಯವಿಟ್ಟು ಒತ್ತಬೇಡಿ. ಡಿಡಿಆರ್4 ಮತ್ತು ಡಿಡಿಆರ್5 ಎರಡರ ಕೆಳಗೂ 288 ಚಿನ್ನದ ಬಣ್ಣದ ಪಿನ್‌ಗಳಿವೆ, ಉದ್ದವೂ ಒಂದೇ. ದೂರದಿಂದ ನೋಡಿದರೆ ಅವಳಿ ಮಕ್ಕಳು. ಆದರೆ ಪಿನ್‌ಗಳ ಸಾಲಿನ ಮಧ್ಯೆ ಒಂದು ಕಚ್ಚು ಇರುತ್ತದೆ, ಅದರ ಜಾಗ ಒಂದರಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಸ್ವಲ್ಪ ಪಕ್ಕಕ್ಕೆ. ಸ್ಲಾಟಿನಲ್ಲಿರುವ ಗೂಟ ಆ ಕಚ್ಚಿಗೆ ಸರಿಯಾಗಿ ಬಂದರೆ ಮಾತ್ರ ಒಳಗೆ ಬಿಡುತ್ತದೆ. ಈ ಗೂಟ ಸುಮ್ನೆ ಇಟ್ಟಿದ್ದಲ್ಲ. ಡಿಡಿಆರ್4ಗೆ ಬೋರ್ಡೇ 1.2 ವೋಲ್ಟ್ ತಯಾರಿಸಿ ಕೊಡುತ್ತದೆ. ಡಿಡಿಆರ್5 ಡೆಸ್ಕ್‌ಟಾಪ್ ರ‍್ಯಾಮ್ ಬೋರ್ಡ್‌ನಿಂದ 5 ವೋಲ್ಟ್ ತೆಗೆದುಕೊಂಡು, ತನ್ನ ಮೈಮೇಲಿರುವ ಪುಟ್ಟ ಪವರ್ ಚಿಪ್ಪಿನಲ್ಲಿ ಅದನ್ನು 1.1 ವೋಲ್ಟಿಗೆ ಇಳಿಸಿಕೊಳ್ಳುತ್ತದೆ. ಇವೆರಡು ಅದಲುಬದಲಾದರೆ ಏನಾಗುತ್ತದೋ ನೋಡುವ ಆಸೆ ನನಗಂತೂ ಇಲ್ಲ.

ಈಗ ನಿಮ್ಮ ಮುಂದೆ ಎರಡು ದಾರಿ. ಒಂದೋ ಬೋರ್ಡ್ ಹಾಗೇ ಇಟ್ಟು ಡಿಡಿಆರ್4 ರ‍್ಯಾಮ್ ತಗೊಳ್ಳಿ. ಇಲ್ಲವೇ ರ‍್ಯಾಮ್ ಹಾಗೇ ಇಟ್ಟು ಬಾಲವಿಲ್ಲದ ಬೋರ್ಡ್ ತಗೊಳ್ಳಿ. ನನ್ನನ್ನು ಕೇಳಿದರೆ, ಆಟೋಕ್ಯಾಡ್, ಸ್ಕೆಚ್‌ಅಪ್ ಕೆಲಸದಲ್ಲಿ 12400ಎಫ್‌ಗೆ ಈ ಎರಡರ ನಡುವೆ ಕಣ್ಣಿಗೆ ಬೀಳುವಷ್ಟು ವ್ಯತ್ಯಾಸ ಇರಲ್ಲ. ಹಾಗಾಗಿ ಬೋರ್ಡ್, ರ‍್ಯಾಮ್ ಎರಡೂ ಸೇರಿ ಎಷ್ಟಾಗುತ್ತದೆ ಎಂದು ಒಂದೇ ದಿನ ಎರಡೂ ಜೋಡಿಗೆ ಬೆಲೆ ಕೇಳಿ. ಈಗ ಬೆಲೆ ದಿನದಿನಕ್ಕೂ ಕುಣಿಯುತ್ತಿದೆ, ನಿನ್ನೆಯ ಡಿಡಿಆರ್4 ಬೆಲೆಗೂ ಇವತ್ತಿನ ಡಿಡಿಆರ್5 ಬೆಲೆಗೂ ತಾಳೆ ಹಾಕಿದರೆ ಲೆಕ್ಕ ತಪ್ಪುತ್ತದೆ. ಎರಡೂ ಹತ್ತಿರ ಹತ್ತಿರ ಬಂದರೆ ಡಿಡಿಆರ್5 ಕಡೆ ವಾಲಿ. ಕಾರಣ ಇಷ್ಟೇ: ನಾಲ್ಕೈದು ವರ್ಷದ ನಂತರ ಮಗಳು ಬೋರ್ಡ್, ಪ್ರೊಸೆಸರ್ ಬದಲಿಸಿದಾಗ ಡಿಡಿಆರ್4 ರ‍್ಯಾಮ್ ಹೊಸದಕ್ಕೆ ಬಳಕೆಗೆ ಬರುವುದಿಲ್ಲ. ಎಎಂಡಿಯ ಎಎಂ5 ಬೋರ್ಡ್‌ಗಳು, ಇಂಟೆಲ್‌ನ ಕೋರ್ ಅಲ್ಟ್ರಾ 200 ಸಾಲಿನ ಡೆಸ್ಕ್‌ಟಾಪ್ ಬೋರ್ಡ್‌ಗಳು ಈಗಾಗಲೇ ಬರೀ ಡಿಡಿಆರ್5. ಡಿಡಿಆರ್4 ಜೋಡಿ ಎದ್ದು ಕಾಣುವಷ್ಟು ಅಗ್ಗವಾದರೆ ಯೋಚನೆ ಮಾಡದೆ ಅದನ್ನೇ ತಗೊಳ್ಳಿ.

ಯಾವ ದಾರಿ ಹಿಡಿದರೂ ಮುಂದಿನ ಪರೀಕ್ಷೆ ಒಂದೇ. ಹತ್ತು ನಿಮಿಷದ ಕೆಲಸ, ಮನೆಯಲ್ಲಿ ಕಾಫಿ ಕುಡಿಯುತ್ತಾ ಮಾಡಬಹುದು.

ಮೊದಲು ಬೋರ್ಡ್ ಕಂಪನಿಯ ಸೈಟಿಗೆ ಹೋಗಿ, ಪೂರ್ತಿ ಹೆಸರು ಹಾಕಿ ಆ ಬೋರ್ಡ್‌ನ ಪುಟ ತೆರೆಯಿರಿ. ಗಿಗಾಬೈಟ್ ಆದರೆ ರಿವಿಷನ್ ಕೂಡ ನೋಡಿ. ಬೋರ್ಡ್‌ನ ಒಂದು ಮೂಲೆಯಲ್ಲಿ ರೆವ್ 1.0, 1.1 ಎಂದೆಲ್ಲ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ, ಸೈಟಿನಲ್ಲೂ ಬೇರೆ ಬೇರೆ ಪುಟ ಇರಬಹುದು. ಸ್ಪೆಸಿಫಿಕೇಷನ್ ಎಂಬಲ್ಲಿ ಮೆಮೊರಿ ಎನ್ನುವ ಸಾಲು ಹುಡುಕಿ. ಅಲ್ಲಿ ರ‍್ಯಾಮ್ ಯಾವ ಪೀಳಿಗೆಯದು, ಎಷ್ಟು ಸ್ಲಾಟ್, ಒಟ್ಟು ಎಷ್ಟು ಜಿಬಿ ತನಕ, ಯಾವ ಯಾವ ವೇಗ ಎಂದಿರುತ್ತದೆ. ವೇಗದ ಸಾಲಿನಲ್ಲಿ ಒಂದಷ್ಟು ದೊಡ್ಡ ಅಂಕಿಗಳ ಪಕ್ಕ "ಒಸಿ" ಎಂದು ಬರೆದಿರುತ್ತಾರೆ. ಅಂದರೆ ಓವರ್‌ಕ್ಲಾಕ್. ಓಡಿದರೆ ಓಡಿತು, ಓಡದಿದ್ದರೆ ಕಂಪನಿ ಜವಾಬ್ದಾರಿ ಅಲ್ಲ ಎಂದು ಅದರ ಅರ್ಥ.

ಎರಡನೆಯದು ಪ್ರೊಸೆಸರ್. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ರ‍್ಯಾಮ್ ಜೊತೆ ಮಾತಾಡುವ ಮೆಮೊರಿ ಕಂಟ್ರೋಲರ್ ಇರುವುದು ಬೋರ್ಡ್‌ನಲ್ಲಲ್ಲ, ಪ್ರೊಸೆಸರ್ ಒಳಗೆ. 12400ಎಫ್‌ಗೆ ಇಂಟೆಲ್ ಕೊಟ್ಟಿರುವ ಅಧಿಕೃತ ವೇಗದ ಮಿತಿ ಡಿಡಿಆರ್4 ಆದರೆ 3200, ಡಿಡಿಆರ್5 ಆದರೆ 4800. ನಿಮಗೆ ಬರೆದುಕೊಟ್ಟ ಡಿಡಿಆರ್5 5600 ಈ ಮಿತಿಗಿಂತ ಮೇಲಿದೆ. ಬಿ760ನಲ್ಲಿ ರ‍್ಯಾಮ್ ವೇಗ ಏರಿಸಲು ಬಿಡುತ್ತಾರೆ, ಹಾಗಾಗಿ ಓಡುವ ಸಾಧ್ಯತೆ ಚೆನ್ನಾಗಿಯೇ ಇದೆ. ಎಚ್610 ಚಿಪ್‌ಸೆಟ್ಟಿನ ಬೋರ್ಡ್ ಆಗಿದ್ದರೆ ಪ್ರೊಸೆಸರಿನ ಮಿತಿ ದಾಟಲು ಬಿಡುವುದಿಲ್ಲ. ಅಲ್ಲಿಗೆ 5600ರ ರ‍್ಯಾಮ್ ಹಾಕುವುದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ರೇಸ್ ಬೈಕ್ ಓಡಿಸಿದ ಹಾಗೆ.

ಡಿಡಿಆರ್4 ದಾರಿ ಹಿಡಿದರೆ 3200 ಸಾಕು, 3600ಕ್ಕೆ ಆಸೆ ಪಡಬೇಡಿ. 12ನೇ ಪೀಳಿಗೆಯ ಹೆಸರಿನಲ್ಲಿ "ಕೆ" ಇಲ್ಲದ ಪ್ರೊಸೆಸರ್‌ಗಳಲ್ಲಿ ಮೆಮೊರಿ ಕಂಟ್ರೋಲರಿಗೆ ಹೋಗುವ ವೋಲ್ಟೇಜನ್ನು ಇಂಟೆಲ್ ಬೀಗ ಹಾಕಿಟ್ಟಿದೆ. ಅದರಿಂದಾಗಿ ಹಲವು 12400ಎಫ್‌ಗಳು 3600ರಲ್ಲಿ ಮುಗ್ಗರಿಸುತ್ತವೆ, ಅಥವಾ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿದು ಲಾಭವೆಲ್ಲ ಹೋಗುತ್ತದೆ. ಇನ್ನೊಂದು ಲೆಕ್ಕ ಹೇಳುತ್ತೇನೆ. ಡಬ್ಬದ ಮೇಲೆ ಸಿಎಲ್16, ಸಿಎಲ್22 ಎಂದಿರುತ್ತದಲ್ಲ, ಆ ಅಂಕಿಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿ. ರ‍್ಯಾಮ್ ಉತ್ತರ ಕೊಡಲು ಎಷ್ಟು ನ್ಯಾನೋಸೆಕೆಂಡ್ ತಗೊಳ್ಳುತ್ತದೆ ಎಂದು ಬರುತ್ತದೆ. 3200 ಸಿಎಲ್16ಕ್ಕೆ 10. 3600 ಸಿಎಲ್18ಕ್ಕೂ 10. 3200 ಸಿಎಲ್22ಕ್ಕೆ 13.75. ಡಿಡಿಆರ್5 6000 ಸಿಎಲ್30ಕ್ಕೆ ಮತ್ತೆ 10. ದೊಡ್ಡ ಅಂಕಿ ಕಂಡ ತಕ್ಷಣ ಜೇಬಿಗೆ ಕೈ ಹಾಕಬೇಡಿ ಎನ್ನುವುದು ಇದಕ್ಕೇ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಆದರೆ ಜನ ಅರ್ಧಂಬರ್ಧ ಓದುವಂಥದ್ದು: ಮೆಮೊರಿ ಸಪೋರ್ಟ್ ಲಿಸ್ಟ್. ಕ್ಯೂವಿಎಲ್ ಎಂದೂ ಕರೆಯುತ್ತಾರೆ. ಬೋರ್ಡ್‌ನ ಪುಟದಲ್ಲೇ ಸಪೋರ್ಟ್ ಎಂಬಲ್ಲಿ ಒತ್ತಿದರೆ ಸಿಗುತ್ತದೆ. ಬೋರ್ಡ್ ಕಂಪನಿಯವರು ತಾವೇ ಹಾಕಿ ಓಡಿಸಿ ನೋಡಿದ ರ‍್ಯಾಮ್‌ಗಳ ಪಟ್ಟಿ ಅದು. ಕಾರ್ಸೇರ್, ಕಿಂಗ್‌ಸ್ಟನ್, ಜಿ.ಸ್ಕಿಲ್ ಎಂದು ಬ್ರ್ಯಾಂಡ್ ಹೆಸರು ಕಂಡ ಕೂಡಲೇ ಬಹಳ ಜನ "ಇದೆ ಇದೆ" ಎಂದು ಮುಚ್ಚಿಬಿಡುತ್ತಾರೆ. ಬ್ರ್ಯಾಂಡ್ ಇದ್ದರೆ ಪ್ರಯೋಜನ ಇಲ್ಲ. ನೋಡಬೇಕಾದದ್ದು ಪಾರ್ಟ್ ನಂಬರ್.

ಪಾರ್ಟ್ ನಂಬರ್ ಎಂದರೆ ಹೆದರಬೇಡಿ, ಅದು ಜಾತಕ ಇದ್ದ ಹಾಗೆ, ಓದುವ ಕ್ರಮ ಗೊತ್ತಿದ್ದರೆ ಎಲ್ಲಾ ಹೇಳುತ್ತದೆ. ಕಿಂಗ್‌ಸ್ಟನ್ನಿನ ಒಂದನ್ನು ತಗೊಳ್ಳೋಣ: ಕೆಎಫ್432ಸಿ16ಬಿಬಿಕೆ2/16. ಕೆಎಫ್ ಎಂದರೆ ಕಿಂಗ್‌ಸ್ಟನ್ ಫ್ಯೂರಿ. 4 ಎಂದರೆ ಡಿಡಿಆರ್4. 32 ಎಂದರೆ 3200. ಸಿ16 ಎಂದರೆ ಸಿಎಲ್16. ಬಿಬಿ ಎನ್ನುವುದು ಬೀಸ್ಟ್ ಮಾಡೆಲ್, ಕಪ್ಪು ಬಣ್ಣ. ಕೆ2 ಎಂದರೆ ಎರಡರ ಜೋಡಿ. ಕೊನೆಯ 16 ಎಂದರೆ ಎರಡೂ ಸೇರಿ 16 ಜಿಬಿ, ಒಂದೊಂದೂ ಅಲ್ಲ. ಈ ಕೊನೆಯ ಅಂಕಿಯಲ್ಲಿ ಎಡವಿದವರು ಬಹಳ, 32 ಜಿಬಿ ಬರುತ್ತದೆ ಎಂದುಕೊಂಡು 16 ತಂದಿರುತ್ತಾರೆ. ಅದೇ ಕೆಎಫ್5 ಎಂದು ಶುರುವಾದರೆ ಡಿಡಿಆರ್5. ಇನ್ನು ಅದೇ ಕಂಪನಿಯ ಸಾದಾ ರ‍್ಯಾಮ್: ಕೆವಿಆರ್32ಎನ್22ಎಸ್8/8. ಇಲ್ಲಿ 32 ಆದ ಮೇಲೆ "ಎನ್" ಇದ್ದರೆ ಡೆಸ್ಕ್‌ಟಾಪಿನ ಉದ್ದದ ರ‍್ಯಾಮ್. ಅದೇ ಜಾಗದಲ್ಲಿ "ಎಸ್" ಇದ್ದರೆ ಲ್ಯಾಪ್‌ಟಾಪಿನ ಗಿಡ್ಡ ರ‍್ಯಾಮ್. ಒಂದೇ ಅಕ್ಷರ. ಆನ್‌ಲೈನಿನಲ್ಲಿ ಫೋಟೋ ನೋಡದೆ ಆರ್ಡರ್ ಮಾಡಿದವರಿಗೆ ಮನೆಗೆ ಬರುವುದು ಬೆರಳುದ್ದದ ಪೊಟ್ಟಣ.

ಪಟ್ಟಿಯಲ್ಲಿ ಪಾರ್ಟ್ ನಂಬರ್ ಸಿಕ್ಕರೆ ಅಲ್ಲಿಗೆ ನಿಲ್ಲಬೇಡಿ, ಅದೇ ಸಾಲಿನಲ್ಲಿ ಬಲಕ್ಕೆ ಹೋಗಿ. ಒಂದು ಹಾಕಿದಾಗ, ಎರಡು ಹಾಕಿದಾಗ, ನಾಲ್ಕು ಹಾಕಿದಾಗ ಎಂದು ಬೇರೆ ಬೇರೆ ಕಾಲಂ ಇರುತ್ತದೆ. ಎರಡರ ಕೆಳಗೆ ಗುರುತಿದ್ದು ನಾಲ್ಕರ ಕೆಳಗೆ ಖಾಲಿ ಇರುವುದು ತುಂಬಾ ಮಾಮೂಲು. ಎಷ್ಟೋ ಬೋರ್ಡ್‌ಗಳಿಗೆ ಪ್ರೊಸೆಸರ್ ಪೀಳಿಗೆಗೊಂದು ಪಟ್ಟಿ ಇರುತ್ತದೆ, ನೀವು 12ನೇ ಪೀಳಿಗೆಯದನ್ನೇ ತೆರೆದಿದ್ದೀರಾ ನೋಡಿಕೊಳ್ಳಿ.

ಪಟ್ಟಿಯಲ್ಲಿ ಇಲ್ಲದಿದ್ದರೆ ಓಡಲ್ಲ ಎಂದೇನೂ ಅಲ್ಲ. ಮಾರುಕಟ್ಟೆಯಲ್ಲಿರುವ ಎಲ್ಲಾ ರ‍್ಯಾಮ್ ತಂದು ಹಾಕಿ ನೋಡಲು ಯಾರಿಗೂ ಆಗಲ್ಲ. ಬೋರ್ಡ್ ಬಂದ ಹೊಸದರಲ್ಲಿ ಪರೀಕ್ಷೆ ಮಾಡಿ, ಆಮೇಲೆ ಆ ಪಟ್ಟಿಯನ್ನು ಮುಟ್ಟದವರೂ ಇದ್ದಾರೆ. ಆಗ ತಲೆಕೆಳಗು ಮಾಡಿ ನೋಡಿ. ರ‍್ಯಾಮ್ ಕಂಪನಿಯ ಸೈಟಿಗೆ ಹೋಗಿ ನಿಮ್ಮ ಬೋರ್ಡ್ ಹೆಸರು ಕೊಡಿ. ಕಿಂಗ್‌ಸ್ಟನ್, ಜಿ.ಸ್ಕಿಲ್ ಸೈಟುಗಳಲ್ಲಿ ಈ ಸೌಲಭ್ಯ ಇದೆ, ಆ ಬೋರ್ಡ್‌ಗೆ ಹೊಂದುವ ಪಾರ್ಟ್ ನಂಬರ್‌ಗಳನ್ನು ಅದೇ ತೋರಿಸುತ್ತದೆ. ಎರಡೂ ಕಡೆ ಸಿಗದಿದ್ದರೆ ನಾನು ಆ ರ‍್ಯಾಮ್ ಬಿಟ್ಟು ಬೇರೆ ನೋಡುತ್ತೇನೆ. ಪ್ರೊಸೆಸರಿನ ಅಧಿಕೃತ ಮಿತಿಯೊಳಗಿನ ಸಾದಾ ರ‍್ಯಾಮ್ ಆಗಿದ್ದರೆ, ಉದಾಹರಣೆಗೆ ಡಿಡಿಆರ್4 3200 ಸಿಎಲ್22, ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದು ಜೆಡೆಕ್ ಸಂಸ್ಥೆ ಎಲ್ಲರಿಗೂ ಸೇರಿ ಹಾಕಿಕೊಟ್ಟ ಅಳತೆಯದು, ಸಾಮಾನ್ಯವಾಗಿ ತಕರಾರಿಲ್ಲದೆ ಓಡುತ್ತದೆ.

ನನಗೆ ಹೀಗೆ ಪರೀಕ್ಷಿಸಿ ನೋಡುವ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ, ಕೈ ಸುಟ್ಟುಕೊಂಡು ಬಂದದ್ದು. ಡಿಡಿಆರ್3 ಕಾಲದಲ್ಲಿ ತಂಗಿಯ ಮನೆಯ ಹಳೇ ಇಂಟೆಲ್ ಕಂಪ್ಯೂಟರಿಗೆ 4 ಜಿಬಿ ರ‍್ಯಾಮ್ ತಂದೆ. ಬೇರೆ ಅಂಗಡಿಗಿಂತ ಅರ್ಧ ಬೆಲೆ. ಡಿಡಿಆರ್3 ಸರಿ, ವೇಗ ಸರಿ, ಕಚ್ಚು ಸರಿ, ಕ್ಲಿಕ್ ಎಂದು ಕೂತಿತು. ಪವರ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಬೀಪ್, ಬೀಪ್, ಬೀಪ್. ಸ್ಲಾಟ್ ಬದಲಿಸಿದೆ, ರಬ್ಬರಿನಿಂದ ಪಿನ್ ಉಜ್ಜಿದೆ, ಬ್ಯಾಟರಿ ತೆಗೆದು ಹಾಕಿದೆ. ಭಾವ ಪಕ್ಕದಲ್ಲಿ ನಿಂತು "ನಿಮಗೆ ಇದೆಲ್ಲ ಬರುತ್ತೆ ಅಂದ್ಕೊಂಡಿದ್ದೆ" ಎಂದರು. ರಾತ್ರಿ ಹತ್ತು ಗಂಟೆಗೆ ಪ್ಯಾಕ್ ತಿರುಗಿಸಿ ನೋಡಿದರೆ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ "ಎಎಂಡಿ ಬೋರ್ಡ್‌ಗೆ ಮಾತ್ರ" ಎಂದಿತ್ತು. ಅದರೊಳಗಿನ ಚಿಪ್‌ಗಳ ಜೋಡಣೆ ಬೇರೆ ಥರದ್ದು, ಇಂಟೆಲ್ ಕಂಟ್ರೋಲರಿಗೆ ಅದು ಅರ್ಥವಾಗುವುದಿಲ್ಲ. ಅಂಗಡಿಯವರಿಗೆ ಗೊತ್ತಿತ್ತಾ? ಗೊತ್ತಿತ್ತು ಎಂದೇ ನನ್ನ ಅನುಮಾನ, ಇಲ್ಲದಿದ್ದರೆ ಅರ್ಧ ಬೆಲೆಗೆ ಯಾಕೆ ಕೊಡುತ್ತಿದ್ದರು. ಕಚ್ಚು ಹೊಂದಿದ್ದಕ್ಕೆ ಎಲ್ಲಾ ಹೊಂದಿತು ಎಂದು ನಾನೂ ಅಂದುಕೊಂಡಿದ್ದೆ. ಇದೇ ಥರ ಈಗಲೂ ಅಗ್ಗಕ್ಕೆ ಸಿಗುವುದು ಸರ್ವರ್‌ನಿಂದ ಕಿತ್ತ ರ‍್ಯಾಮ್. ಲೇಬಲ್ ಮೇಲೆ ರಿಜಿಸ್ಟರ್ಡ್ ಅಥವಾ ಆರ್‌ಡಿಮ್ ಎಂದಿದ್ದರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಮಾಮೂಲಿ ಡೆಸ್ಕ್‌ಟಾಪ್ ಬೋರ್ಡ್‌ನಲ್ಲಿ ಅದು ಏಳುವುದಿಲ್ಲ.

ಈಗ ನಿಮ್ಮ ಕೊಟೇಷನ್ನಿನ ಇನ್ನೊಂದು ವಿಷಯ. 16 ಜಿಬಿಯ ಒಂದೇ ಸ್ಟಿಕ್ ಬರೆದಿದ್ದಾರೆ. ರ‍್ಯಾಮ್‌ಗೂ ಪ್ರೊಸೆಸರಿಗೂ ನಡುವೆ ಎರಡು ರಸ್ತೆ ಇವೆ ಎಂದುಕೊಳ್ಳಿ. ಒಂದೇ ಸ್ಟಿಕ್ ಹಾಕಿದರೆ ಒಂದು ರಸ್ತೆ ಮುಚ್ಚಿದ ಹಾಗೆ. ಡಿಡಿಆರ್4 3200 ಒಂದು ರಸ್ತೆಯಲ್ಲಿ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಎರಡು ಹಾಕಿದರೆ 51.2. ಹಾಗಾಗಿ 8ರ ಎರಡು, ಅಥವಾ ಕೈಲಾದರೆ 16ರ ಎರಡು. ಆರ್ಕಿಟೆಕ್ಚರ್ ಮೊದಲ ವರ್ಷಕ್ಕೆ 16 ಜಿಬಿ ನಡೆಯುತ್ತದೆ. ರೆಂಡರಿಂಗ್, ರೆವಿಟ್ ಎಂದು ಶುರುವಾದಾಗ 32 ಬೇಕು ಅನ್ನಿಸುವುದು ಖಂಡಿತ.

"ಈಗ ಎರಡು, ಆಮೇಲೆ ಇನ್ನೆರಡು ಸೇರಿಸಿದರಾಯ್ತು, ನಾಲ್ಕು ಸ್ಲಾಟ್ ಇದೆಯಲ್ಲ" ಎಂಬ ಉಪಾಯ ಡಿಡಿಆರ್4ನಲ್ಲಿ ಬಹುಮಟ್ಟಿಗೆ ನಡೆಯುತ್ತದೆ. ಡಿಡಿಆರ್5ನಲ್ಲಿ ಅದನ್ನು ನಂಬಿಕೊಂಡು ಕೂರಬೇಡಿ. ನಾಲ್ಕೂ ಸ್ಲಾಟ್ ತುಂಬಿದರೆ ಕಂಟ್ರೋಲರ್ ಮೇಲೆ ಹೊರೆ ಜಾಸ್ತಿ ಆಗಿ ವೇಗ ಇಳಿಸಬೇಕಾಗುತ್ತದೆ. ಇಂಟೆಲ್ 12ನೇ ಪೀಳಿಗೆಗೆ ನಾಲ್ಕು ಡಿಡಿಆರ್5 ಹಾಕಿದಾಗ ಅಧಿಕೃತ ವೇಗ 4000 ಅಥವಾ 3600. ಎಎಂಡಿಯ ರೈಜನ್ 7000 ಸಾಲಿಗೂ ಎರಡು ಸ್ಟಿಕ್ಕಿಗೆ 5200, ನಾಲ್ಕಾದರೆ 3600. ಹಾಗಾಗಿ ಡಿಡಿಆರ್5 ತಗೊಳ್ಳುವುದಾದರೆ ಎಷ್ಟು ಬೇಕೋ ಅಷ್ಟನ್ನೂ ಎರಡೇ ಸ್ಟಿಕ್ಕಿನಲ್ಲಿ, ಒಂದೇ ಪ್ಯಾಕಿನ ಜೋಡಿಯಾಗಿ ತಗೊಳ್ಳಿ. ಒಂದೇ ಮಾಡೆಲ್ಲಿನ ಬಿಡಿ ಸ್ಟಿಕ್ ಎರಡು ತಂದರೆ ಆಗಲ್ವಾ? ಹೆಚ್ಚಿನ ಸಲ ಆಗುತ್ತದೆ. ಆದರೆ ಕಂಪನಿಗಳು ಮಾಡೆಲ್ ಹೆಸರು ಹಾಗೇ ಇಟ್ಟು ಒಳಗಿನ ಚಿಪ್ ಬದಲಿಸುವುದುಂಟು. ಇವತ್ತು ತಂದದ್ದು, ಎರಡು ವರ್ಷ ಬಿಟ್ಟು ತಂದದ್ದು ಹೊರಗಿನಿಂದ ಅಣ್ಣತಮ್ಮ, ಒಳಗೆ ಸಂಬಂಧವೇ ಇರಲ್ಲ. ಜೋಡಿ ಪ್ಯಾಕ್ ಆದರೆ ಎರಡನ್ನೂ ಒಟ್ಟಿಗೆ ಪರೀಕ್ಷೆ ಮಾಡಿ ಕಳಿಸಿರುತ್ತಾರೆ.

ಅಂದ ಹಾಗೆ 12400ಎಫ್‌ನ "ಎಫ್" ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದು. ನಿಮ್ಮ ಪಟ್ಟಿಯಲ್ಲಿ ಕಾರ್ಡ್ ಇದೆ, ಸರಿ. ಬೆಲೆ ಇಳಿಸಲು ಕಾರ್ಡ್ ಆಮೇಲೆ ನೋಡೋಣ ಎಂದುಕೊಂಡರೆ ಪರದೆಯಲ್ಲಿ ಏನೂ ಬರಲ್ಲ, ಆಮೇಲೆ ರ‍್ಯಾಮ್ ಮೇಲೆ ತಪ್ಪು ಹೊರಿಸಬೇಡಿ!

ಬೆಳಕು ಬೀರುವ, ಎತ್ತರದ ಕಿರೀಟ ಇರುವ ರ‍್ಯಾಮ್ ಬೇಡ. ದೊಡ್ಡ ಏರ್ ಕೂಲರ್ ಹಾಕಿದರೆ ಅದರ ಫ್ಯಾನಿಗೆ ತಾಗುತ್ತದೆ. ಪ್ರೊಸೆಸರ್ ಡಬ್ಬದಲ್ಲಿ ಬರುವ ಕೂಲರೇ ಇಟ್ಟುಕೊಂಡರೆ ಈ ತೊಂದರೆ ಇಲ್ಲ. ಮಗಳು ಬಣ್ಣದ ಬೆಳಕು ಬೇಕೇ ಬೇಕು ಎಂದರೆ ಅದು ನಿಮ್ಮ ಮನೆ ವಿಚಾರ, ನಾನು ಮಧ್ಯೆ ಬರಲ್ಲ.

ಅಂಗಡಿಗೆ ಹೋಗುವಾಗ ಪಟ್ಟಿಯಲ್ಲಿ ಸಿಕ್ಕ ಎರಡು ಮೂರು ಪಾರ್ಟ್ ನಂಬರ್ ಬರೆದುಕೊಂಡು ಹೋಗಿ. ಒಂದೇ ಬರೆದುಕೊಂಡು ಹೋದರೆ "ಅದು ಸ್ಟಾಕ್ ಇಲ್ಲ ಸಾರ್, ಇದೂ ಸೇಮ್" ಎಂಬ ಮಾತು ಬರುತ್ತದೆ. ಸೇಮ್ ಎಂದಾಗ ಪ್ಯಾಕ್ ಕೈಗೆ ತಗೊಂಡು ಲೇಬಲ್ ಮೇಲಿನ ನಂಬರನ್ನು ಕೊನೆಯ ಅಕ್ಷರದ ತನಕ ನಿಮ್ಮ ಚೀಟಿಯ ಜೊತೆ ಹೋಲಿಸಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ, ಮಾಡಿಕೊಂಡರೂ ಪರವಾಗಿಲ್ಲ, ಪಕ್ಕದಲ್ಲೇ ಇನ್ನೊಂದು ಅಂಗಡಿ ಇದೆ. ಜಿಎಸ್‌ಟಿ ಬಿಲ್ಲಿನಲ್ಲಿ "16 ಜಿಬಿ ರ‍್ಯಾಮ್" ಎಂದಷ್ಟೇ ಬೇಡ, ಪಾರ್ಟ್ ನಂಬರ್, ಸೀರಿಯಲ್ ನಂಬರ್ ಎರಡೂ ಬರೆಸಿ. ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದೇ ಅದು. ಬೋರ್ಡ್‌ನಲ್ಲಿ ಏಳದಿದ್ದರೆ ಎಷ್ಟು ದಿನದೊಳಗೆ ಬದಲಾಯಿಸಿ ಕೊಡುತ್ತೀರಿ ಎಂದು ಕೇಳಿ, ಅದನ್ನೂ ಬಿಲ್ಲಿನ ಮೇಲೆ ಪೆನ್ನಿನಲ್ಲಿ ಬರೆಸಿಕೊಳ್ಳಿ. ಎಲ್ಲಾ ಒಂದೇ ಅಂಗಡಿಯಲ್ಲಿ ತಗೊಳ್ಳುವುದಾದರೆ ಅಲ್ಲೇ ಜೋಡಿಸಿ, ಆನ್ ಮಾಡಿ ತೋರಿಸಿ ಎನ್ನಬಹುದು. ಒಂದು ಗಂಟೆ ಕಾಯಬೇಕಾದೀತು, ಕಾಯಿರಿ.

ಮನೆಯಲ್ಲೇ ಜೋಡಿಸುವುದಾದರೆ ಎರಡು ಸ್ಟಿಕ್ಕನ್ನು ಪಕ್ಕಪಕ್ಕ ಹಾಕಬೇಡಿ. ನಾಲ್ಕು ಸ್ಲಾಟಿನ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದು, ಮ್ಯಾನ್ಯುಯಲ್‌ನಲ್ಲಿ ಚಿತ್ರವೇ ಇರುತ್ತದೆ. ಡಿಡಿಆರ್5 ಆದರೆ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡ್ ಆ ರ‍್ಯಾಮಿನ ಜೊತೆ ಪರಿಚಯ ಮಾಡಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ತೆಗೆದರೆ ಮತ್ತೆ ಮೊದಲಿನಿಂದ ಶುರು. ಎದ್ದು ಹೋಗಿ ಒಂದು ಲೋಟ ಕಾಫಿ ಮಾಡಿಕೊಂಡು ಬನ್ನಿ.

ಎದ್ದ ಮೇಲೆ ಬೋರ್ಡ್‌ನ ಸೆಟ್ಟಿಂಗ್ ಪುಟವಾದ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬುದನ್ನು ಆನ್ ಮಾಡಬೇಕು, ರ‍್ಯಾಮನ್ನು ಅದರ ಮೇಲೆ ಬರೆದ ವೇಗಕ್ಕೆ ತರುವುದು ಅದೇ. 3200 ಸಿಎಲ್16 ರ‍್ಯಾಮ್ ಇದನ್ನು ಮಾಡುವ ತನಕ 2400 ಅಥವಾ 2666ರಲ್ಲೇ ಓಡುತ್ತಿರಬಹುದು, ವೇಗದ ಡಿಡಿಆರ್5 ಸಾಮಾನ್ಯವಾಗಿ 4800ರಲ್ಲಿ. ದುಡ್ಡು ಕೊಟ್ಟ ವೇಗ ಸಿಗದೆ ವರ್ಷಗಟ್ಟಲೆ ಹಾಗೇ ಬಳಸಿದವರನ್ನು ನೋಡಿದ್ದೇನೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಎಂಬಲ್ಲಿ ವೇಗ ಕಾಣುತ್ತದೆ. ಸಿಪಿಯು-ಜೆಡ್ ಎಂಬ ತಂತ್ರಾಂಶದಲ್ಲಿ ನೋಡಿದರೆ 3200ರ ಬದಲು 1600 ಎಂದು ಕಾಣುತ್ತದೆ. ಅದು ಮೋಸ ಅಲ್ಲ. ಡಿಡಿಆರ್ ಒಂದು ಬಡಿತಕ್ಕೆ ಎರಡು ಸಲ ಡೇಟಾ ಕಳಿಸುತ್ತದೆ, ಆ ತಂತ್ರಾಂಶ ಬಡಿತವನ್ನು ಮಾತ್ರ ಎಣಿಸುತ್ತದೆ. ಇದನ್ನು ನೋಡಿ "ಅರ್ಧ ವೇಗದ ರ‍್ಯಾಮ್ ಕೊಟ್ಟಿದ್ದೀರಿ" ಎಂದು ಅಂಗಡಿಗೆ ಜಗಳಕ್ಕೆ ಹೋದವರೂ ಇದ್ದಾರೆ. ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ಓಡಲು ಬಿಟ್ಟು ಮಲಗಿ. ಬೆಳಗ್ಗೆ ಎದ್ದಾಗ ಒಂದೇ ಒಂದು ಕೆಂಪು ಸಾಲು ಕಂಡರೂ ಎಕ್ಸ್‌ಎಂಪಿ ತೆಗೆದು ಇನ್ನೊಮ್ಮೆ ಓಡಿಸಿ. ಆಗಲೂ ಕೆಂಪು ಬಂದರೆ ಅವಧಿಯೊಳಗೇ ರ‍್ಯಾಮ್ ಬದಲಾಯಿಸಿ. ಎಕ್ಸ್‌ಎಂಪಿ ತೆಗೆದಾಗ ಸರಿ ಇದ್ದರೆ ಬಯೋಸ್ ಅಪ್‌ಡೇಟ್ ಮಾಡಿ ಮತ್ತೆ ನೋಡಿ.

ಕೊನೆಗೆ ನಿಮ್ಮ ಹಳೇ 8 ಜಿಬಿ. ಡಿಡಿಆರ್5 ಬೋರ್ಡ್ ತಗೊಂಡರೆ ಅದಕ್ಕೆ ಅಲ್ಲಿ ಜಾಗವೇ ಇಲ್ಲ. ಡಿಡಿಆರ್4 ತಗೊಂಡರೆ ಕೂರುತ್ತದೆ, ಓಡುತ್ತದೆ ಕೂಡ. ಆದರೆ ಹೊಸ 3200ರ ಜೋಡಿಯ ಪಕ್ಕ ಹಾಕಿದರೆ ಎಲ್ಲವೂ 2666ಕ್ಕೆ ಇಳಿಯುತ್ತವೆ. ಜಾತ್ರೆಗೆ ಹೊರಟ ಗುಂಪು ಅಜ್ಜಿಯ ನಡಿಗೆಗೆ ಹೊಂದಿಕೊಳ್ಳಬೇಕಲ್ಲ, ಹಾಗೆ. ತಮಾಷೆ ಅಂದರೆ ಅದು ನಿಮ್ಮ ಮನೆಯಲ್ಲಿ ಇಷ್ಟು ದಿನ 2666ರಲ್ಲೂ ಓಡಿಲ್ಲ. ಐ3-9100ರ ಮಿತಿ 2400, ಅಷ್ಟರಲ್ಲೇ ಓಡುತ್ತಿತ್ತು. ಮಗಳ ಕಂಪ್ಯೂಟರಿಗೆ ಅದನ್ನು ಸೇರಿಸಬೇಡಿ. ಹಳೇ ಕಂಪ್ಯೂಟರಿನಲ್ಲೇ ಬಿಡಿ, ಅದಿನ್ನೂ ಬ್ಯಾಂಕು, ಯೂಟ್ಯೂಬು, ಕರೆಂಟ್ ಬಿಲ್ಲಿಗೆ ನಿಮಗೇ ಬೇಕಾಗುತ್ತದೆ. ಡಿಡಿಆರ್4 ಬೋರ್ಡೇ ತಗೊಂಡು ಮುಂದೊಂದು ದಿನ ಹೊಸದು ಏಳದೆ ಹೋದರೆ, ತೊಂದರೆ ರ‍್ಯಾಮಿನದೋ ಬೋರ್ಡ್‌ನದೋ ಎಂದು ತಿಳಿಯಲು ಆ ಹಳೇ ಸ್ಟಿಕ್ ಐದು ನಿಮಿಷಕ್ಕೆ ಎರವಲು ತಂದು ಹಾಕಿ ನೋಡಬಹುದು.